ಪದ ಬೇಕು: ಟ್ರಾನ್ಸ್‌ಜೆಂಡರ್ ಚರಿತ್ರೆಗೆ ಕನ್ನಡದಲ್ಲಿ ಏನನ್ನೋಣ?

ಉಡುಪಿಯಿಂದ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು ಉಂಟು. ಕಾಲೇಜಿನ ಪ್ರದರ್ಶನಕ್ಕೆ ಟ್ರಾನ್ಸ್‌ಜೆಂಡರ್ ಚರಿತ್ರೆಯ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಫ್ಲೆಕ್ಸ್‌ನವರಿಗೆ ಕೊಡಬೇಕು. ಮೆಸೊಪೊಟೇಮಿಯದ ಇಷ್ತಾರ್ ದೇವತೆಯ ಸೇವೆಯಲ್ಲಿದ್ದ ಅಸಿನ್ನು, ರೋಮಿನಲ್ಲಿ ಹೆಣ್ಣುಡುಗೆ ತೊಟ್ಟು ಸಿಬೆಲೆ ದೇವತೆಯ ಸೇವೆ ಮಾಡುತ್ತಿದ್ದ ಪೂಜಾರಿಗಳು, ನಮ್ಮ ಸವದತ್ತಿ ಎಲ್ಲಮ್ಮನ ಜೋಗಪ್ಪಗಳು, 1919ರಲ್ಲಿ ಮಾಗ್ನುಸ್ ಹಿರ್ಶ್‌ಫೆಲ್ಡ್ ಬರ್ಲಿನ್‌ನಲ್ಲಿ ತೆರೆದ ಲೈಂಗಿಕ ವಿಜ್ಞಾನ ಸಂಸ್ಥೆಗೆ ಬಂದವರು, ಎಲ್ಲರೂ ಒಂದೇ ಸಾಲಿನಲ್ಲಿದ್ದಾರೆ. ಇವರಿಗೆಲ್ಲ ಹೊಂದುವ ಒಂದು ಪದ ಯಾವುದು? ಸದ್ಯಕ್ಕೆ ತೃತೀಯ ಲಿಂಗಿ ಎಂದು ಹಾಕಿದ್ದೇನೆ. ಮನಸ್ಸು ಒಪ್ಪುತ್ತಿಲ್ಲ.

ಕುಂದಾಪುರದಿಂದ:
ಬೇಡವೇ ಬೇಡ. ಕನ್ನಡದಲ್ಲಿ ಗಂಡು, ಹೆಣ್ಣು ಬಿಟ್ಟರೆ ಮೂರನೆಯದು ಅದು, ಇದು. ಸಂಸ್ಕೃತದಲ್ಲಿ ಹೆಂಡತಿಗೆ ಕಲತ್ರ ಎಂದು ನಪುಂಸಕಲಿಂಗ ಹಾಕಿದರೂ ನಡೆಯುತ್ತದೆ. ನಮ್ಮಲ್ಲಿ ಮನುಷ್ಯರನ್ನು ಅಲ್ಲಿಗೆ ತಳ್ಳಿದರೆ ಮರ, ಕಲ್ಲುಗಳ ಜೊತೆ ಕೂರಿಸಿದ ಹಾಗೆ. ಹಳಗನ್ನಡದ ಪೇಡಿ ಇರುವಾಗ ಸಾಲ ಯಾಕೆ? ತಮಿಳಿನಲ್ಲೂ ಉಂಟು. ಅಚ್ಚ ದ್ರಾವಿಡ.

ಮಂಗಳೂರಿನಿಂದ:
ಮಾಷ್ಟ್ರೇ, ಪಕಾರ ಹಕಾರವಾದ ಮೇಲೆ ಆ ಪದ ಏನಾಯಿತು ಹೇಳಿ. ಹೇಡಿ! ಕಾಸರಗೋಡಿಗೆ ಹೋಗಿ ಮಲಯಾಳಿಗಳಲ್ಲಿ ಕೇಳಿ, ಪೇಡಿ ಎಂದರೆ ಹೆದರಿಕೆ. ಜನರನ್ನು ಹೀಗೆ ಕರೆಯುವ ಫಲಕ ನೇತುಹಾಕುತ್ತೀರಾ?

ಕುಂದಾಪುರದಿಂದ:
ಅರ್ಥ ಕೆಡಿಸಿದ್ದು ಜನ. ಪದದ್ದೇನು ತಪ್ಪು? ತಮಿಳರು ತಿರುನಂಗೈ ಎಂದು ಗೌರವದ ಪದ ಕಟ್ಟಿಕೊಂಡರು. ನಾವು ಮಾತ್ರ ಟ್ರಾನ್ಸು, ಜೆಂಡರು. ನಾಳೆ ಅಮ್ಮನಿಗೂ ಇಂಗ್ಲಿಷೇ ಸಾಕು.

ಮಂಗಳೂರಿನಿಂದ:
ಅಮ್ಮ ಮಮ್ಮಿಯಾಗಿ ಯಾವ ಕಾಲವಾಯಿತು ಮಾರಾಯ್ರೆ! ನಮ್ಮ ಎರಡು ಜಿಲ್ಲೆಗಳಲ್ಲಿ ಬ್ಯಾಂಕುಗಳು ಸಾಲಾಗಿ ಹುಟ್ಟಿದವು. ಬ್ಯಾಂಕು ಎಂಬ ಪದಕ್ಕೆ ನೀವು ಎಂದಾದರೂ ತಕರಾರು ಎತ್ತಿದ್ದುಂಟಾ? ಲಿಂಗವೂ ತೃತೀಯವೂ ಸಾಲವೇ. ಹಳೇ ಸಾಲ ಆದ್ದರಿಂದ ಮಾಫಿ, ಅಲ್ವಾ?

ಕಾರ್ಕಳದಿಂದ:
ಜಗಳ ಆಮೇಲೆ. ಸಂಜೆಯೊಳಗೆ ಪದ ಬೇಕು ಅಂದಿದ್ದಾರೆ.

ಮೇಡಂ, ಎಲ್ಲರಿಗೂ ಒಂದೇ ಪದ ಹುಡುಕಬೇಡಿ. ಟ್ರಾನ್ಸ್‌ಜೆಂಡರ್ ಎಂಬುದು ಇಂಗ್ಲಿಷಿನಲ್ಲೇ 1960ರ ದಶಕದ್ದು. ಅದನ್ನು ರೋಮಿನ ಅರ್ಚಕರ ತಲೆಗೆ ಕಟ್ಟಿದರೆ ಅವರು ತಮ್ಮನ್ನು ಏನೆಂದುಕೊಂಡಿದ್ದರು ಎಂಬುದೇ ಮುಚ್ಚಿಹೋಗುತ್ತದೆ. ಅವರವರ ಹೆಸರನ್ನೇ ಇಡಿ. ಅಸಿನ್ನು, ಜೋಗಪ್ಪ, ಹಿಜ್ರಾ. ರೋಮಿನವರ ಹೆಸರು ಗಲ್ಲಿ. ಹಾಗೇ ಬಿಟ್ಟರೆ ನಮ್ಮವರು ಓಣಿ ಎಂದು ಓದುತ್ತಾರೆ, ಆದ್ದರಿಂದ ‘ಗಲ್ಲಿ ಎಂಬ ಅರ್ಚಕರು’ ಎನ್ನಿ. ಪೂಜಾರಿಗಳು ಬೇಡ, ಉಡುಪಿಯಲ್ಲಿ ಅದನ್ನು ಬಿಲ್ಲವರ ಅಡ್ಡಹೆಸರು ಎಂದೇ ಓದುತ್ತಾರೆ ಅಂತ ನಿಮಗೇ ಗೊತ್ತು.

ಲಿಂಗ ಪರಿವರ್ತಿತ ಎಂದೂ ಹಾಕಬೇಡಿ, ಆಪರೇಷನ್ ಆದವರು ಎಂದಾಗುತ್ತದೆ. 2014ರ ಸುಪ್ರೀಂ ಕೋರ್ಟ್ ತೀರ್ಪು ಗುರುತಿಗೆ ಆಪರೇಷನ್ ಕೇಳುವುದೇ ತಪ್ಪು ಎಂದಿತ್ತು. ತೃತೀಯ ಲಿಂಗ ಎಂಬ ಮಾತು ಪತ್ರಿಕೆಗಳಲ್ಲಿ ಜಾಸ್ತಿಯಾದದ್ದೂ ಆ ತೀರ್ಪಿನ ನಂತರವೇ. ಅಮರಕೋಶದಲ್ಲಿರುವುದು ತೃತೀಯಾ ಪ್ರಕೃತಿ. ಆದರೆ ಅದೇ ಸಾಲಿನಲ್ಲಿ ಕ್ಲೀಬ, ನಪುಂಸಕಗಳೂ ಇವೆ, ಅದಕ್ಕೇ ಆ ಕಡೆ ಹೋಗಬೇಡಿ ಎನ್ನುವುದು.

ನಪುಂಸಕವಂತೂ ಬೇಡ. ಅದರ ಇಂಗ್ಲಿಷ್ ಜೋಡಿ ‘ಯೂನಕ್’ ಎಂಬುದನ್ನು ಹಿಡಿದೇ ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹಿಜ್ರಾಗಳ ಪಟ್ಟಿ ಮಾಡಿಸಿತು. ನಮ್ಮ ರಾಜ್ಯದ ಪೊಲೀಸ್ ಕಾಯ್ದೆಗೂ 2011ರಲ್ಲಿ ಅದೇ ಪದ ಸೇರಿತು, 2016ರಲ್ಲಿ ತೆಗೆಯಬೇಕಾಯಿತು. ಇದಕ್ಕೊಂದು ಫಲಕ ಇಲ್ಲದಿದ್ದರೆ ಸೇರಿಸಿ.

ಮಂಗಳೂರಿನಿಂದ:
ಮಂಗಳಮುಖಿ?

ಕಾರ್ಕಳದಿಂದ:
ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಮೇಲಾಗಿ ಅದು ಹೆಣ್ಣಿಗೆ ಹೊಂದುವ ಪದ. ಟ್ರಾನ್ಸ್ ಗಂಡಸರು ಎಲ್ಲಿಗೆ ಹೋಗಬೇಕು?

ಕುಂದಾಪುರದಿಂದ:
ಜೇಡರ ದಾಸಿಮಯ್ಯ ‘ನಡುವೆ ಸುಳಿವ ಆತ್ಮ’ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂದ. ಸಾವಿರ ವರ್ಷದ ಹಿಂದಿನವನಿಗೆ ಇಂಗ್ಲಿಷ್ ಬೇಕಾಗಿರಲಿಲ್ಲ. ‘ನಡುಸುಳಿಯರು’ ಎಂದು ಕಟ್ಟಬಹುದು.

ಮಂಗಳೂರಿನಿಂದ:
ನಡುಬೀದಿಯಲ್ಲಿ ಸುಳಿಯುವವರು ಅಂದುಕೊಳ್ಳುತ್ತಾರೆ. ಸುಮ್ನೆ ಬಿಡಿ.

ಉಡುಪಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ತಲೆಬರಹಕ್ಕೆ ಟ್ರಾನ್ಸ್‌ಜೆಂಡರ್ ಚರಿತ್ರೆ ಎಂದೇ ಇಡುತ್ತೇನೆ, ಒಳಗೆ ಅವರವರ ಹೆಸರು, ಸರ್ವನಾಮ ಎಲ್ಲ ಕಡೆ ‘ಅವರು’. ದಾಸಿಮಯ್ಯನ ಸಾಲು ಜೋಗಪ್ಪರ ಫಲಕದ ಮೇಲೆ. ಹಿಜಡಾನೋ ಹಿಜ್ರಾನೋ, ಒಬ್ಬರು ಬೇಗ ಹೇಳಿ.

ಕಾರ್ಕಳದಿಂದ:
ಹಿಜ್ರಾ. ಅದರ ಮೂಲ ಅರಬ್ಬಿಯೋ ಅಲ್ಲವೋ ಎಂದು ಕುಂದಾಪುರದವರು ಇಲ್ಲಿ ಶುರು ಮಾಡುವುದು ಬೇಡ. ಬೇರೆ ಮೈಲ್ ಹಾಕಿ.