ಕರ್ಣ, ವಿಕರ್ಣ: ಯಾವುದು ಯಾವ ಗೆರೆ?

ಬಳಗದ ಎಲ್ಲರಿಗೂ ಕಾರವಾರದಿಂದ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಪಕ್ಕದ ಮನೆಯ ಹುಡುಗ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದಾನೆ. ಪರೀಕ್ಷೆಗೆ ಮುಂಚೆ ಗಣಿತದ ಸೂತ್ರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟುಕೊಳ್ಳಬೇಕು ಅಂತ ಒಂದು ದಪ್ಪ ನೋಟ್‌ಬುಕ್ ಹಿಡಿದು ದಿನಾ ಸಂಜೆ ನಮ್ಮ ಜಗುಲಿಗೆ ಬರುತ್ತಾನೆ. ಅಂಕಗಣಿತ ಮುಗಿಯಿತು, ಬಡ್ಡಿ, ಶೇಕಡಾ, ಸರಾಸರಿ ಎಲ್ಲ ಸಲೀಸು. ಬೀಜಗಣಿತದ ನಿತ್ಯಸಮೀಕರಣಗಳೂ ಮುಗಿದವು. ರೇಖಾಗಣಿತಕ್ಕೆ ಬಂದಾಗ ಸಿಕ್ಕಿಬಿದ್ದೆವು. ಸಿಕ್ಕಿಸಿದ್ದು ಲೆಕ್ಕ ಅಲ್ಲ, ಪದ.

ಲೆಕ್ಕ ಇದು. ಒಂದು ವಜ್ರಾಕೃತಿಯ (ನಾಲ್ಕೂ ಬಾಹು ಸಮ ಇರುವ ಚತುರ್ಭುಜ) ಬಾಹು 13 ಸೆಂ.ಮೀ., ಒಂದು ಕರ್ಣ 24 ಸೆಂ.ಮೀ., ಇನ್ನೊಂದು ಕರ್ಣ ಎಷ್ಟು?

ಹುಡುಗ ಒಂದು ಲಂಬಕೋನ ತ್ರಿಭುಜ ಬರೆದ. ಅದರ ಉದ್ದನೆಯ ಬಾಹುವಿಗೆ 24 ಅಂತ ಹಾಕಿದ, ಇನ್ನೊಂದಕ್ಕೆ 13. 24ರ ವರ್ಗ 576, 13ರ ವರ್ಗ 169, ಕಳೆದರೆ 407. ಅದಕ್ಕೆ ಸರಿಯಾದ ವರ್ಗಮೂಲ ಇಲ್ಲ. ಇಪ್ಪತ್ತು ಚಿಲ್ಲರೆ ಬರುತ್ತದೆ. ಪ್ರಶ್ನೆಯೇ ತಪ್ಪಿರಬೇಕು ಅಂತ ಅವನು ಗಟ್ಟಿಯಾಗಿ ಹೇಳಿದ.

ಯಾಕೆ ಹಾಗೆ ಬರೆದೆ ಅಂತ ಕೇಳಿದೆ. ‘ಕರ್ಣ ಅಂದ್ರೆ ಲಂಬಕೋನದ ಎದುರಿನ ಬಾಹು ಅಲ್ವಾ?’ ಅಂದ. ಅವನು ಗಣಿತ ನೋಡುವುದು ಯೂಟ್ಯೂಬ್‌ನ ಹಿಂದಿ ಪಾಠಗಳಲ್ಲಿ. ಹಿಂದಿಯಲ್ಲಿ ಅವನು ಹೇಳಿದ್ದು ಪೂರ್ತಿ ಸರಿ. ಅಲ್ಲಿ ಲಂಬಕೋನ ತ್ರಿಭುಜದ ಅತಿ ಉದ್ದದ ಬಾಹು ಕರ್ಣ, ಚತುರ್ಭುಜದ ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ ವಿಕರ್ಣ. ನಮ್ಮ ಕನ್ನಡ ಪಠ್ಯದಲ್ಲಿ ಇದು ಸರೀ ತಿರುಗುಮುರುಗು. ತ್ರಿಭುಜದ್ದು ವಿಕರ್ಣ, ಚತುರ್ಭುಜದ್ದು ಕರ್ಣ. ಪೈಥಾಗೊರಸ್ ಪ್ರಮೇಯದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ವಿಕರ್ಣದ ಮೇಲಿನ ವರ್ಗ ಅಂತಲೇ. ಸೈನ್ ಅಂದರೆ ಅಭಿಮುಖ ಬಾಹು ಭಾಗಿಸು ವಿಕರ್ಣ. ಆಯತದ ಕರ್ಣಗಳು ಸಮ, ವಜ್ರಾಕೃತಿಯ ಕರ್ಣಗಳು ಲಂಬವಾಗಿ ಅರ್ಧಿಸುತ್ತವೆ.

ಪಕ್ಕಪಕ್ಕದ ಎರಡು ಭಾಷೆ, ಎರಡೂ ಸಂಸ್ಕೃತದಿಂದ ತಂದ ಅದೇ ಎರಡು ಪದ, ಅರ್ಥ ಮಾತ್ರ ಅದಲುಬದಲು. ಇದು ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸುಮ್ನೆ ಇರಲಾಗಲಿಲ್ಲ.

ಇನ್ನೊಂದು ವಿಷಯವನ್ನೂ ಸೇರಿಸಬೇಕು. ನಮ್ಮ ಅಜ್ಜ ಇದೇ ಊರಿನಲ್ಲಿ ಮರಾಠಿಯಲ್ಲಿ ಓದಿದವರು. ಅವರ ಬಾಯಲ್ಲಿ ವಿಕರ್ಣ ಅನ್ನುವ ಪದವನ್ನೇ ನಾನು ಕೇಳಿಲ್ಲ. ತ್ರಿಭುಜದ್ದೂ ಕರ್ಣ, ಚೌಕದ್ದೂ ಕರ್ಣ. ಮರಾಠಿ ಶಾಲೆಯ ಪುಸ್ತಕಗಳಲ್ಲಿ ಇವತ್ತಿಗೂ ಎರಡಕ್ಕೂ ಕರ್ಣ ಅಂತಲೇ ಇದೆ. ಗಡಿಯ ಊರು ನಮ್ಮದು. ಮಾಜಾಳಿ ದಾಟಿದರೆ ಗೋವಾ. ಒಂದೇ ಮನೆಯಲ್ಲಿ ಅಜ್ಜ ಮರಾಠಿ ಶಾಲೆ, ಮಗ ಕನ್ನಡ ಶಾಲೆ, ಮೊಮ್ಮಗ ಹಿಂದಿ ವಿಡಿಯೊ. ಆ ಮೂವರೂ ಒಂದೇ ಗೆರೆಗೆ ಬೇರೆ ಬೇರೆ ಹೆಸರು ಹೇಳಿದರೆ ಮಗು ಯಾರನ್ನು ನಂಬಬೇಕು?

ಹಳಬರು ಏನು ಹೇಳಿದ್ದಾರೆ ಅಂತ ಸ್ವಲ್ಪ ಹುಡುಕಿದೆ. ಯಜ್ಞವೇದಿಯ ಅಳತೆ ಹೇಳುವ ಹಳೆಯ ಗ್ರಂಥ ಬೌಧಾಯನ ಶುಲ್ಬಸೂತ್ರದಲ್ಲಿ ಈ ಗೆರೆಗೆ ‘ಅಕ್ಷ್ಣಯಾ ರಜ್ಜು’ ಅಂತಿದೆ. ಓರೆಯಾಗಿ ಎಳೆದ ಹಗ್ಗ ಅಂತ ಅರ್ಥ. ಅಲ್ಲಿ ನಾವು ಪೈಥಾಗೊರಸ್ ಹೆಸರಲ್ಲಿ ಕಲಿಯುವ ಮಾತು ಬರುವುದು ತ್ರಿಭುಜದ ಬಗ್ಗೆ ಅಲ್ಲ, ಆಯತದ ಬಗ್ಗೆ. ಆಯತದ ಓರೆ ಹಗ್ಗ ಹುಟ್ಟಿಸುವ ಕ್ಷೇತ್ರವು ಅದರ ಉದ್ದ, ಅಗಲ ಬೇರೆ ಬೇರೆಯಾಗಿ ಹುಟ್ಟಿಸುವ ಎರಡು ಕ್ಷೇತ್ರ ಸೇರಿದಷ್ಟು ಅಂತ. 499ರ ಆರ್ಯಭಟೀಯದಲ್ಲಿ ಭುಜ, ಕೋಟಿ, ಕರ್ಣ ಬರುತ್ತವೆ. ಭುಜದ ವರ್ಗ, ಕೋಟಿಯ ವರ್ಗ ಕೂಡಿದರೆ ಕರ್ಣದ ವರ್ಗ. (ಈ ಕೋಟಿ ನೂರು ಲಕ್ಷದ ಕೋಟಿ ಅಲ್ಲ, ಬಿಲ್ಲಿನ ತುದಿ ಅನ್ನುವ ಅರ್ಥದ ಕೋಟಿ.) 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಇನ್ನೂ ಬಿಡಿಸಿ ಹೇಳುತ್ತಾರೆ. ತ್ರ್ಯಸ್ರವಾಗಲಿ, ಚತುರಸ್ರವಾಗಲಿ, ಭುಜಕ್ಕೆ ಅಡ್ಡ ದಿಕ್ಕಿನಲ್ಲಿರುವುದು ಕೋಟಿ, ಎರಡರ ವರ್ಗ ಕೂಡಿ ಮೂಲ ತೆಗೆದರೆ ಕರ್ಣ. ತ್ರಿಭುಜಕ್ಕೂ ಚತುರ್ಭುಜಕ್ಕೂ ಒಂದೇ ಹೆಸರು!

ನಮ್ಮ ಕನ್ನಡ ನೆಲದವರೇ ಆದ ಮಹಾವೀರಾಚಾರ್ಯರನ್ನು ಮರೆಯುವ ಹಾಗಿಲ್ಲ. ಅಮೋಘವರ್ಷ ನೃಪತುಂಗನ ಕಾಲ, ಅಂದರೆ ಸುಮಾರು 850. ಅವರ ಗಣಿತಸಾರಸಂಗ್ರಹದಲ್ಲಿ ಒಂದು ಸೂತ್ರ ಇದೆ, ನನಗೆ ತುಂಬಾ ಇಷ್ಟವಾದದ್ದು. ಎರಡು ಸಂಖ್ಯೆ ತಗೊಳ್ಳಿ. ಅವುಗಳ ವರ್ಗಗಳ ವ್ಯತ್ಯಾಸ ಕೋಟಿ, ಗುಣಲಬ್ಧದ ಎರಡರಷ್ಟು ಬಾಹು, ವರ್ಗಗಳ ಮೊತ್ತ ಕರ್ಣ. 2 ಮತ್ತು 1 ತಗೊಂಡರೆ 3, 4, 5. 3 ಮತ್ತು 2 ತಗೊಂಡರೆ 5, 12, 13. ಹುಡುಗನ ಲೆಕ್ಕದಲ್ಲಿ ಇದ್ದದ್ದೂ ಇದೇ 5, 12, 13. ಅವನಿಗೆ ಇದನ್ನು ತೋರಿಸಿದಾಗ 4 ಮತ್ತು 1, 4 ಮತ್ತು 3, 5 ಮತ್ತು 2 ಅಂತ ತಾನೇ ಮಾಡಿಕೊಂಡು ಹೋದ. 8, 15, 17 ಬಂತು, 7, 24, 25 ಬಂತು, 20, 21, 29 ಬಂತು. ಬೀಜಗಣಿತದ ಸೂತ್ರ ಬೇರೆ, ರೇಖಾಗಣಿತದ್ದು ಬೇರೆ ಅಂತ ಎರಡು ಭಾಗ ಮಾಡಿಟ್ಟಿದ್ದ ನೋಟ್‌ಬುಕ್ಕಿನಲ್ಲಿ ಇದನ್ನು ಎಲ್ಲಿ ಬರೆಯಬೇಕು ಅಂತ ಅವನಿಗೆ ತೋಚಲಿಲ್ಲ, ಕೊನೆಗೆ ಎರಡೂ ಕಡೆ ಬರೆದುಕೊಂಡ. ಮಹಾವೀರಾಚಾರ್ಯರು ಇದನ್ನು ಹೇಳುವುದೂ ಆಯತದ ವಿಷಯವಾಗಿಯೇ. ಅಲ್ಲಿಯೂ ಕರ್ಣ.

ಇದರಲ್ಲಿ ಅರ್ಥ ಇದೆ. ಆಯತದ ಕರ್ಣ ಎಳೆದ ಕೂಡಲೇ ಅದು ಎರಡು ಲಂಬಕೋನ ತ್ರಿಭುಜಗಳಾಗಿ ಒಡೆಯುತ್ತದೆ. ಆ ಗೆರೆಯೇ ಎರಡು ತ್ರಿಭುಜಗಳ ವಿಕರ್ಣ. ಗೆರೆ ಒಂದೇ, ನೋಡುವ ಆಕೃತಿ ಬೇರೆ.

ನಮ್ಮ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸುವಾಗ ಮೇಸ್ತ್ರಿ ಇದನ್ನೇ ಮಾಡಿದ್ದು. ಚಿರೆಕಲ್ಲು ಇಡುವ ಮೊದಲು ಮೂಲೆಯಲ್ಲಿ ಗೂಟ ಹೊಡೆದು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿದ. ಓರೆಯಲ್ಲಿ 5 ಅಡಿ ಬಂದರೆ ಮೂಲೆ ಮಟ್ಟ. ಆಮೇಲೆ ನಾಲ್ಕೂ ಮೂಲೆ ಆದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದ. ಎರಡೂ ಸಮ ಬರಬೇಕು. ಎದುರುಬದುರು ಗೋಡೆ ಸಮ ಇದ್ದೂ ಈ ಎರಡು ಅಳತೆ ಸಮ ಬರದಿದ್ದರೆ ಕೋಣೆ ವಾಲಿದೆ ಅಂತ ಅರ್ಥ. ಮೊದಲನೆಯದು ಪಠ್ಯದ ಪ್ರಕಾರ ವಿಕರ್ಣ, ಎರಡನೆಯದು ಕರ್ಣ. ಮೇಸ್ತ್ರಿಗೆ ಎರಡೂ ‘ಓರೆ ಅಳತೆ’. 30-40 ಸೈಟಿನ ಓರೆ ಅಳತೆ ಸರಿಯಾಗಿ 50 ಅಡಿ. ಗುಂಟೆ ಅಂದರೆ 33 ಅಡಿ ಚೌಕ, 1089 ಚದರ ಅಡಿ, ಅದರ ಓರೆ ಅಳತೆ 46 ಅಡಿ 8 ಇಂಚು. ಶಿರಸಿ ಕಡೆಯ ತೋಟದ ಮನೆಯವರಿಗೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

ಹಾಗಾದರೆ ಅಜ್ಜನ ಹಾಗೆ ಎಲ್ಲದಕ್ಕೂ ಕರ್ಣ ಅನ್ನಬಹುದಲ್ಲ? ನನಗೂ ಮೊದಲು ಹಾಗೇ ಅನ್ನಿಸಿತು. ವಜ್ರಾಕೃತಿ ನೋಡಿದ ಮೇಲೆ ಮನಸ್ಸು ಬದಲಾಯಿತು.

ನಮ್ಮ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಬಲೆ ಒಣಹಾಕಿದ್ದನ್ನು ನೋಡಿದವರಿಗೆ ಗೊತ್ತು, ಬಲೆಯ ಕಣ್ಣು ಅಂದರೆ ವಜ್ರಾಕೃತಿಯೇ. ನಾಲ್ಕೂ ಬಾಹು ಸಮ. ಬಲೆಯನ್ನು ಉದ್ದಕ್ಕೆ ಎಳೆದರೆ ಒಂದು ಕರ್ಣ ಬೆಳೆಯುತ್ತದೆ, ಇನ್ನೊಂದು ಕುಗ್ಗುತ್ತದೆ. ಸುತ್ತಳತೆ ಬದಲಾಗುವುದಿಲ್ಲ, ವಿಸ್ತೀರ್ಣ ಬದಲಾಗುತ್ತದೆ. ಕಣ್ಣಿನ ಬಾಹು 5 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಪೂರ್ತಿ ಚೌಕವಾಗಿ ಬಿಚ್ಚಿದಾಗ 25 ಚದರ ಸೆಂ.ಮೀ. ಕರ್ಣಗಳು 6 ಮತ್ತು 8 ಆದಾಗ ಅವುಗಳ ಗುಣಲಬ್ಧದ ಅರ್ಧ, 24. ಇನ್ನೂ ಎಳೆದು ಒಂದು ಕರ್ಣ 2ಕ್ಕೆ ಇಳಿದರೆ ಇನ್ನೊಂದು 9.8 ಆಗುತ್ತದೆ, ವಿಸ್ತೀರ್ಣವೂ ಬರೀ 9.8. ಇಲ್ಲಿ ಎರಡು ಕರ್ಣ ಸೇರುವ ನಡುವಿನ ಬಿಂದುವಿನಲ್ಲಿ ನಾಲ್ಕು ಲಂಬಕೋನ ತ್ರಿಭುಜ ಆಗುತ್ತವೆ. ಆ ತ್ರಿಭುಜಗಳಲ್ಲಿ ಉದ್ದನೆಯದು ಯಾವುದು? ವಜ್ರಾಕೃತಿಯ ಬಾಹು! ಕರ್ಣಗಳ ಅರ್ಧಗಳೇ ಉಳಿದೆರಡು ಬಾಹುಗಳು. ಎಲ್ಲದಕ್ಕೂ ಕರ್ಣ ಅಂದರೆ ಇಲ್ಲಿ ಬಾಹುವೂ ಕರ್ಣ, ಕರ್ಣವೂ ಕರ್ಣ, ಪೂರ್ತಿ ಗೊಂದಲ. ಇಲ್ಲಿ ಎರಡು ಪದ ಬೇಕೇ ಬೇಕು.

ಹುಡುಗನ ಲೆಕ್ಕವೂ ಇಲ್ಲೇ ಬಿಚ್ಚಿಕೊಂಡಿತು. 24ರ ಅರ್ಧ 12. ವಿಕರ್ಣ 13. 169ರಲ್ಲಿ 144 ಹೋದರೆ 25, ಅದರ ಮೂಲ 5, ಎರಡರಷ್ಟು ಮಾಡಿದರೆ ಇನ್ನೊಂದು ಕರ್ಣ 10 ಸೆಂ.ಮೀ. ವಿಸ್ತೀರ್ಣ 120. ಪ್ರಶ್ನೆ ತಪ್ಪಿರಲಿಲ್ಲ.

ಹಾಗಾಗಿ ಎರಡು ಪದ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಕನ್ನಡದ್ದನ್ನು ಹಿಂದಿಯ ಹಾಗೆ ತಿರುಗಿಸಿ ಅಂತಲೂ ಹೇಳುವುದಿಲ್ಲ, ಎಷ್ಟೋ ತಲೆಮಾರಿನ ಮಕ್ಕಳು ವಿಕರ್ಣ ಅಂತಲೇ ಕಲಿತಿದ್ದಾರೆ. ಆದರೆ ಪದ ಕೇಳಿದರೆ ಗೆರೆ ಕಣ್ಣಿಗೆ ಕಾಣಬೇಕು ಅಲ್ವಾ? ಇಂಗ್ಲಿಷಿನಲ್ಲಿ ವಿಕರ್ಣಕ್ಕೆ ಹೈಪಾಟನ್ಯೂಸ್ ಅನ್ನುತ್ತಾರೆ, ಗ್ರೀಕ್ ಮೂಲದಲ್ಲಿ ಅಂದರೆ ಕೆಳಗೆ ಚಾಚಿಕೊಂಡದ್ದು, ಲಂಬಕೋನದ ಬುಡದಲ್ಲಿ ಎಳೆದು ಕಟ್ಟಿದ ಹಾಗೆ. ಕರ್ಣಕ್ಕೆ ಡಯಾಗನಲ್, ಅಂದರೆ ಮೂಲೆಯಿಂದ ಮೂಲೆಗೆ ಹಾಯ್ದದ್ದು. ಎರಡೂ ಪದ ತಾವೇ ಚಿತ್ರ ಬರೆಯುತ್ತವೆ. ನಮ್ಮ ಕರ್ಣ ಅಂದರೆ ಮೊದಲು ಕಿವಿ. ಪಾತ್ರೆಯ ಹಿಡಿಗೂ ದೋಣಿಯ ಚುಕ್ಕಾಣಿಗೂ ಸಂಸ್ಕೃತದಲ್ಲಿ ಕರ್ಣ ಅನ್ನುತ್ತಾರೆ, ಚುಕ್ಕಾಣಿ ಹಿಡಿದವನು ಕರ್ಣಧಾರ. ಕಿವಿಯಿಂದ ಓರೆ ಗೆರೆಗೆ ಈ ಪದ ಹೇಗೆ ಬಂತು ಅನ್ನುವುದು ಬಲ್ಲವರು ಹೇಳಬೇಕು. ಇನ್ನು ವಿಕರ್ಣ ಅಂದರೆ ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ನೆನಪಾಗುವುದು ಸಭೆಯಲ್ಲಿ ದ್ರೌಪದಿಯ ಪರ ಎದ್ದು ನಿಂತ ಕೌರವ. ತ್ರಿಭುಜ ನೆನಪಾಗುವುದಿಲ್ಲ.

ಪಾಠ ಹೇಳುವಾಗಲಾದರೂ ಪಕ್ಕದಲ್ಲಿ ಒಂದೊಂದು ಅಚ್ಚಗನ್ನಡ ಮಾತು ಇಟ್ಟುಕೊಳ್ಳೋಣ ಅಂತ ಅನ್ನಿಸುತ್ತದೆ. ಕರ್ಣಕ್ಕೆ ‘ಮೂಲೆಗೆರೆ’, ವಿಕರ್ಣಕ್ಕೆ ‘ಎದುರುಗೆರೆ’, ಯಾಕೆಂದರೆ ಅದು ಯಾವಾಗಲೂ ಲಂಬಕೋನದ ಎದುರಿಗೇ ಇರುತ್ತದೆ. ಪರೀಕ್ಷೆಯಲ್ಲಿ ಬರೆಯುವುದು ಪಠ್ಯದ ಪದವನ್ನೇ. ಹುಡುಗನಿಗೆ ಈ ಎರಡು ಮಾತು ಹೇಳಿದ ಮೇಲೆ ಒಮ್ಮೆಯೂ ತಪ್ಪಲಿಲ್ಲ. ಇದಕ್ಕಿಂತ ಒಳ್ಳೆಯ ಮಾತು ನಿಮ್ಮ ಊರಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ, ಬಡಗಿಗಳ, ಮೇಸ್ತ್ರಿಗಳ ಬಾಯಲ್ಲಿ ಇರುವುದಾದರೆ ಇನ್ನೂ ಒಳ್ಳೆಯದು.

ಈಗ ನನ್ನ ಮುಖ್ಯ ಪ್ರಶ್ನೆ. ಕನ್ನಡ ಶಾಲೆಯ ಪುಸ್ತಕದಲ್ಲಿ ತ್ರಿಭುಜದ ಗೆರೆಗೆ ‘ವಿ’ ಸೇರಿದ್ದು ಯಾವಾಗ, ಯಾರಿಂದ? ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಹೋಯಿತು, 1956ರವರೆಗೆ ಅಲ್ಲೇ ಇತ್ತು. ಮೈಸೂರಿನ ಪುಸ್ತಕ ಬೇರೆ, ಮುಂಬಯಿ ಕಡೆಯ ಕನ್ನಡ ಪುಸ್ತಕ ಬೇರೆ, ಮಂಗಳೂರಿನಲ್ಲಿ ಮದ್ರಾಸಿನದು ಬೇರೆ. ಮೂರರಲ್ಲೂ ಒಂದೇ ಪದ ಇತ್ತೇ? 12ನೇ ಶತಮಾನದಲ್ಲೇ ಕನ್ನಡದಲ್ಲಿ ಕ್ಷೇತ್ರಗಣಿತ ಬರೆದ ರಾಜಾದಿತ್ಯನ ಪಠ್ಯ ಯಾರ ಹತ್ತಿರವಾದರೂ ಇದ್ದರೆ, ಅವನು ಈ ಗೆರೆಗೆ ಏನಂದಿದ್ದಾನೆ ಅಂತ ನೋಡಿ ಹೇಳಿ. 1956ಕ್ಕೆ ಹಿಂದಿನ ರೇಖಾಗಣಿತದ ಶಾಲಾ ಪುಸ್ತಕ ಅಟ್ಟದ ಮೇಲೆ ಇದ್ದವರು ಆ ಒಂದು ಪುಟದ ಫೋಟೊ ತೆಗೆದು ಕಳಿಸಿದರೂ ಸಾಕು. ಹುಡುಗನ ನೋಟ್‌ಬುಕ್ಕಿನಲ್ಲಿ ವಿಕರ್ಣದ ಕೆಳಗೆ ಅರ್ಧ ಪುಟ ಖಾಲಿ ಬಿಡಿಸಿದ್ದೇನೆ.