ಮಾಲ್ಟಾದಲ್ಲಿ ಒಂದು ಹಗಲು: ವ್ಯಾಲೆಟ್ಟಾ ಸಾಕೇ, ಮ್ದಿನಾಗೂ ಹೋಗಬೇಕೇ?

ಪ್ರಶ್ನೆ – ತುಂಗಾತೀರ

ಬರುವ ಸೆಪ್ಟೆಂಬರಿನಲ್ಲಿ ತಂದೆ ತಾಯಿಯರೊಂದಿಗೆ ಇಟಲಿಯಿಂದ ಕ್ರೂಸ್ ಹೊರಡುತ್ತಿದ್ದೇವೆ. ಹಡಗು ಮಾಲ್ಟಾದ ವ್ಯಾಲೆಟ್ಟಾ ಬಂದರಿನಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. ಹಡಗಿನವರ ಪ್ರವಾಸದಲ್ಲಿ ವ್ಯಾಲೆಟ್ಟಾ ಮತ್ತು ಹಳೆಯ ರಾಜಧಾನಿ ಮ್ದಿನಾ ಎರಡೂ ಇವೆ, ಆದರೆ ದರ ಹೆಚ್ಚು. ತಾಯಿಗೆ ಮಂಡಿನೋವು ಇರುವುದರಿಂದ ಮೆಟ್ಟಿಲುಗಳು ಕಷ್ಟ, ಇಬ್ಬರೂ ಶುದ್ಧ ಸಸ್ಯಾಹಾರಿಗಳು. ನಾವೇ ಇಳಿದು ನೋಡಿಕೊಂಡು ಬರುವುದಾದರೆ ದಿನವನ್ನು ಹೇಗೆ ಕಳೆಯಬೇಕು? ಅನುಭವ ಉಳ್ಳವರು ದಯವಿಟ್ಟು ತಿಳಿಸಿ.

ಉತ್ತರ – ಹಳೇ ನಕಾಶೆ

ನನ್ನ ಸಲಹೆ, ಎರಡನ್ನೂ ಒಂದೇ ಹಗಲಿಗೆ ತುರುಕಬೇಡಿ. ವ್ಯಾಲೆಟ್ಟಾ ನಗರ ಉದ್ದದಲ್ಲಿ ಸುಮಾರು ಒಂದು ಕಿಲೋಮೀಟರ್ ಮಾತ್ರ ಇದ್ದರೂ ಅಲ್ಲಿ ನೋಡುವುದು ಬಹಳ ಇದೆ. ಮೊದಲನೆಯದು ಹಡಗು ಒಳಗೆ ಬರುವ ಹೊತ್ತು. ಬೆಳಿಗ್ಗೆ ಬೇಗನೆ ಎದ್ದು ಮೇಲಿನ ಡೆಕ್ಕಿಗೆ ಹೋಗಿ, ಎರಡೂ ಬದಿಯಲ್ಲಿ ಜೇನುಬಣ್ಣದ ಸುಣ್ಣಕಲ್ಲಿನ ಕೋಟೆಗಳು ಎದ್ದುನಿಂತಿರುವ ಗ್ರ್ಯಾಂಡ್ ಹಾರ್ಬರ್ ಅನ್ನು ನೀರಿನ ಮೇಲಿನಿಂದಲೇ ನೋಡಬೇಕು. 1565ರಲ್ಲಿ ಒಟ್ಟೋಮನ್ ಸೈನ್ಯ ಮುತ್ತಿಗೆ ಹಾಕಿದ್ದು ಈ ಬಂದರಿಗಾಗಿಯೇ. ಅದನ್ನು ಹಿಮ್ಮೆಟ್ಟಿಸಿದ, ಆಗ ಮಾಲ್ಟಾವನ್ನು ಆಳುತ್ತಿದ್ದ ಸಂತ ಜಾನ್ ಪಂಥದ ಕ್ರೈಸ್ತ ಯೋಧರು ಮರುವರ್ಷವೇ ಈ ನಗರಕ್ಕೆ ಅಡಿಗಲ್ಲು ಹಾಕಿದರು.

ಹಡಗುಕಟ್ಟೆಯಿಂದ ನೀರಿನ ಅಂಚಿನಲ್ಲೇ ನಡೆದರೆ ಅಪ್ಪರ್ ಬರಾಕ್ಕಾ ಲಿಫ್ಟ್ ಸಿಗುತ್ತದೆ. 58 ಮೀಟರ್ ಮೇಲಕ್ಕೆ ಅದು ನೇರವಾಗಿ ಉದ್ಯಾನದ ಅಂಚಿಗೆ ತಲುಪಿಸುವುದರಿಂದ ತಾಯಿಯವರಿಗೆ ಏರು ಹತ್ತುವ ಕಷ್ಟವಿಲ್ಲ. ಮಧ್ಯಾಹ್ನ 12ಕ್ಕೆ ಉದ್ಯಾನದ ಕೆಳಗಿನ ಸಾಲಿನಿಂದ ತೋಪು ಹಾರಿಸುತ್ತಾರೆ, ಸ್ವಲ್ಪ ಮುಂಚೆ ಹೋದರೆ ಕಟಾಂಜನದ ಬಳಿ ಜಾಗ ಸಿಗುತ್ತದೆ. ಬೆಳಗಿನ ಹೊತ್ತನ್ನು ಆ ಪಂಥದವರ ದೊಡ್ಡ ಚರ್ಚಾದ ಸಂತ ಜಾನ್ ಕೋ-ಕೆಥೆಡ್ರಲ್‌ಗೆ ಮೀಸಲಿಡಿ. ಹೊರಗಿನಿಂದ ಸಾದಾ ಕಟ್ಟಡ, ಒಳಗೆ ಕಾಲಿಟ್ಟರೆ ನೆಲವೆಲ್ಲ ಯೋಧರ ಸಮಾಧಿಗಳನ್ನು ಮುಚ್ಚಿದ ಬಣ್ಣಬಣ್ಣದ ಅಮೃತಶಿಲೆಯ ಹಾಸುಗಳು, ಕೆಲವದರ ಮೇಲೆ ಕುಡುಗೋಲು ಹಿಡಿದ ಅಸ್ಥಿಪಂಜರಗಳನ್ನು ಕೂಡಿಸಿದ್ದಾರೆ. ಪಕ್ಕದ ಪ್ರಾರ್ಥನಾಮಂದಿರದಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೋ 1608ರಲ್ಲಿ ಬರೆದ ಸ್ನಾನಿಕ ಯೋಹಾನನ ಶಿರಚ್ಛೇದದ ಚಿತ್ರವಿದೆ. ಆತ ಸಹಿ ಮಾಡಿದ ಚಿತ್ರ ಇದೊಂದೇ, ಆ ಸಹಿಯೂ ನೆಲಕ್ಕೆ ಹರಿದ ನೆತ್ತರಿನಲ್ಲೇ ಮೂಡಿದೆ. ಪಂಥಕ್ಕೆ ಸೇರಿದ್ದ ಅವನನ್ನು ಅದೇ ವರ್ಷದ ಕೊನೆಯಲ್ಲಿ ಪಂಥದವರು ಹೊರಹಾಕಿದ ವಿಧಿ ನಡೆದದ್ದೂ ಆ ಮಂದಿರದಲ್ಲೇ. ಅವಸರದಲ್ಲಿ ಐದು ನಿಮಿಷ ನಿಂತು ಹೊರಡುವ ಚಿತ್ರವಲ್ಲ ಅದು. ಮೊನಚು ಹಿಮ್ಮಡಿಯ ಪಾದರಕ್ಷೆಗೆ ಅಲ್ಲಿ ಪ್ರವೇಶವಿಲ್ಲ.

ಉತ್ತರ – ಕರಾವಳಿ ಪಯಣ

ಮೇಲಿನವರ ಮಾತಿಗೆ ನನ್ನದೂ ಸಹಮತ, ಆದರೆ ಮಂಡಿನೋವಿನ ದೃಷ್ಟಿಯಿಂದ ಒಂದು ಮಾತು. ವ್ಯಾಲೆಟ್ಟಾದ ಅಡ್ಡಬೀದಿಗಳಲ್ಲಿ ಅನೇಕವು ಮೆಟ್ಟಿಲುಗಳೇ, ಆದ್ದರಿಂದ ರಿಪಬ್ಲಿಕ್ ಬೀದಿಯನ್ನು ಬಿಟ್ಟು ಹೆಚ್ಚು ಅಲೆಯಬೇಡಿ. ಅದರ ಬದಲು ಲಿಫ್ಟಿನ ಬುಡದಿಂದ ಹೊರಡುವ ಫೆರಿಯಲ್ಲಿ ಎದುರು ದಡಕ್ಕೆ ಹೋಗಿಬನ್ನಿ. ಕುಳಿತೇ ಬಂದರನ್ನು ನೋಡಿದಂತಾಗುತ್ತದೆ.

ಊಟದ ವಿಷಯ. ಪಾಸ್ಟಿಟ್ಸಿ ಎಂಬ ಪದರಪದರದ ತಿಂಡಿಯಲ್ಲಿ ರಿಕೋಟಾ ಗಿಣ್ಣು ಅಥವಾ ಬಟಾಣಿಯ ಹೂರಣವಿರುತ್ತದೆ. ಕೆಲವು ಕಡೆ ಹಿಟ್ಟಿಗೆ ಹಂದಿಯ ಕೊಬ್ಬು ಬಳಸುವುದರಿಂದ ಕೇಳಿಯೇ ತೆಗೆದುಕೊಳ್ಳಿ. ಇಂಗ್ಲಿಷ್ ಅಲ್ಲಿನ ಆಡಳಿತ ಭಾಷೆಗಳಲ್ಲಿ ಒಂದು, ಹಾಗಾಗಿ ಕೇಳಲು ತೊಡಕಿಲ್ಲ. ಮಾಲ್ಟಾ ಇಟಲಿಯಂತೆಯೇ ಷೆಂಗೆನ್ ವಲಯದಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಲ್ಲೇ ಇದೆ. ಆದರೆ ನಿಮ್ಮ ಹಡಗು ನಡುವೆ ಟುನೀಶಿಯಾದಂತಹ ಹೊರಗಿನ ದೇಶಕ್ಕೆ ಹೋಗಿ ಮರಳುವುದಾದರೆ ಬಹುಪ್ರವೇಶದ ವೀಸಾ ಬೇಕು.

ತುಂಗಾತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೊರಗಿನ ದೇಶ ಯಾವುದೂ ಇಲ್ಲ. ವೇಳಾಪಟ್ಟಿ ನೋಡಿದೆ, ನಾವು ಅಲ್ಲಿರುವುದು ಭಾನುವಾರ. ಏನಾದರೂ ತೊಂದರೆ ಇದೆಯೇ?

ಉತ್ತರ – ಹಳೇ ನಕಾಶೆ

ಹಾಗಾದರೆ ನನ್ನ ಸಲಹೆ ಬದಲಾಗುತ್ತದೆ. ಭಾನುವಾರ ಕೋ-ಕೆಥೆಡ್ರಲ್‌ಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಬೆಳಿಗ್ಗೆ ರಿಪಬ್ಲಿಕ್ ಬೀದಿಯ ಪುರಾತತ್ವ ಸಂಗ್ರಹಾಲಯಕ್ಕೆ ಹೋಗಿ, ನೆಲದಡಿಯ ಹಾಲ್ ಸಫ್ಲಿಯೆನಿ ಸಮಾಧಿಯಲ್ಲಿ ಸಿಕ್ಕ 'ಮಲಗಿದ ಮಹಿಳೆ'ಯನ್ನು ನೋಡಿ. ಅಂಗೈಗಿಂತ ದೊಡ್ಡದಲ್ಲದ ಆ ಮಣ್ಣಿನ ಮೂರ್ತಿ ಒಂದು ಬದಿಗೆ ಹೊರಳಿ, ತೋಳಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಿದೆ. ತೋಪಿನ ಸದ್ದು ಕೇಳಿದ ಮೇಲೆ ಟ್ಯಾಕ್ಸಿ ಹಿಡಿದು ಮ್ದಿನಾಗೆ ಹೊರಡಿ. ಕೋಟೆಯೊಳಗೆ ವಾಹನಗಳು ಬಹಳ ಕಡಿಮೆ, ಬೀದಿಗಳು ಬಹುಪಾಲು ಸಮತಟ್ಟು. ಬಸ್ಸನ್ನು ನಂಬಬೇಡಿ, ತುಂಬಿದ್ದರೆ ನಿಲ್ದಾಣದಲ್ಲಿ ನಿಲ್ಲಿಸದೆ ಹೋಗುವುದುಂಟು. ಹಡಗಿನವರ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ನಾವಾಗಿ ಹೋದವರಿಗೆ ಕಾಯುವುದಿಲ್ಲ. ಆದ್ದರಿಂದ 3 ಗಂಟೆಗೆಲ್ಲ ಮ್ದಿನಾ ಬಿಟ್ಟಿರಬೇಕು. ಹಡಗು ಹತ್ತಲು ಕೊನೆಯ ಸಮಯ ಹೊರಡುವ ಸಮಯಕ್ಕಿಂತ ಮುಂಚೆಯೇ ಇರುತ್ತದೆ, ಇಳಿಯುವಾಗ ಅದನ್ನು ಖಚಿತಪಡಿಸಿಕೊಳ್ಳಿ.