ಅರ್ಥಶಾಸ್ತ್ರ ಓದಿ ಏನು ಸಿಗುತ್ತದೆ ಎಂದು ಕೇಳುವ ಮಕ್ಕಳಿಗೆ ಏನು ಹೇಳಲಿ?

ಪ್ರಶ್ನೆ: ಬಾಗಲಕೋಟೆಯ ಪದವಿ ಕಾಲೇಜೊಂದರಲ್ಲಿ ಈ ವರ್ಷ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೇನೆ. ಬಿ.ಎ. ಮೊದಲ ವರ್ಷಕ್ಕೆ ಅರ್ಥಶಾಸ್ತ್ರ ಕಲಿಸುತ್ತೇನೆ. ವಕ್ರರೇಖೆ ಎಳೆಯಲು ಹಲಗೆಯತ್ತ ತಿರುಗಿದರೆ ಸಾಕು, ಹಿಂದಿನ ಬೆಂಚುಗಳು ತೂಕಡಿಸುತ್ತವೆ. ಮೊನ್ನೆ ಒಬ್ಬ ಹುಡುಗ ಎದ್ದು ನಿಂತು, "ಇದನ್ನು ಓದಿದರೆ ನಮಗೇನು ಸಿಗುತ್ತದೆ ಮೇಡಂ?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಕಲಿಸಿದವರು, ಕಲಿತವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ವಿಜಯಪುರದಿಂದ, ನಿವೃತ್ತ ಉಪನ್ಯಾಸಕ: ತಂಗಿ, ನಾನೂ ಬಹಳ ವರ್ಷ ಪುಸ್ತಕದ ಚಹಾ-ಕಾಫಿ ಉದಾಹರಣೆಯನ್ನೇ ಹೇಳಿದವನು. ಬಸವನ ಬಾಗೇವಾಡಿ ಕಡೆಯ ವಿದ್ಯಾರ್ಥಿಯೊಬ್ಬ ಒಮ್ಮೆ ವಾರವಿಡೀ ತರಗತಿಗೆ ಬರಲಿಲ್ಲ. ಕೇಳಿದರೆ, ತಂದೆಯ ಜೊತೆ ಉಳ್ಳಾಗಡ್ಡಿ ಮಾರಲು ಹೋಗಿದ್ದನಂತೆ. ಗಾಡಿ ಬಾಡಿಗೆಯೂ ಹುಟ್ಟಲಿಲ್ಲವಂತೆ. "ನಮ್ಮಪ್ಪನ ಹಣೆಬರಹ ಸರ್" ಎಂದ. ಅಂದಿನ ಪಾಠವನ್ನು ಬದಿಗಿಟ್ಟೆ. ಹೋದ ವರ್ಷದ ಒಳ್ಳೆಯ ದರ ನೋಡಿ ಈ ಸಲ ಯಾರ ಮನೆಯಲ್ಲಿ ಉಳ್ಳಾಗಡ್ಡಿ ಹಾಕಿದ್ದೀರಿ ಎಂದು ಎಲ್ಲರನ್ನೂ ಕೇಳಿದೆ. ಅರ್ಧ ತರಗತಿ ಕೈ ಎತ್ತಿತು. ದರ ಏರಿದರೆ ಬಿತ್ತನೆ ಹೆಚ್ಚುತ್ತದೆ, ಮಾಲು ಬಂದಾಗ ದರ ಬೀಳುತ್ತದೆ, ಮರುವರ್ಷ ಬಿತ್ತುವವರೇ ಕಡಿಮೆ. ಈ ಸುತ್ತನ್ನು ಗೆರೆಗಳಲ್ಲಿ ಎಳೆದರೆ ಜೇಡರ ಬಲೆಯಂತೆ ಕಾಣುತ್ತದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ 1934ರಲ್ಲಿ ಅದಕ್ಕೆ ಆ ಹೆಸರನ್ನೇ ಇಟ್ಟರು. ದರ ಅರ್ಧಕ್ಕಿಳಿಯಿತೆಂದು ಯಾರೂ ಪಲ್ಯಕ್ಕೆ ಎರಡು ಪಟ್ಟು ಉಳ್ಳಾಗಡ್ಡಿ ಹೆಚ್ಚುವುದಿಲ್ಲ. ಹಾಗಾಗಿ ತುಸು ಹೆಚ್ಚು ಬೆಳೆದರೂ ದರ ನೆಲಕಚ್ಚುತ್ತದೆ. 'ಬೇಡಿಕೆಯ ಸ್ಥಿತಿಸ್ಥಾಪಕತ್ವ', ಅಂದರೆ ದರ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ; ನಾಲಿಗೆ ತಿರುಗದ ಆ ಮಾತು ಅಂದು ಅವರಿಗೆ ದಕ್ಕಿತು.

ಆ ಮನೆಯ ಸಾಲ ನನ್ನ ಪಾಠದಿಂದ ತೀರಲಿಲ್ಲ. ಆದರೆ ಹುಡುಗ ಮತ್ತೆ ಹಣೆಬರಹದ ಮಾತೆತ್ತಲಿಲ್ಲ. ಊರಿಗೆ ಶೇಖರಣಾ ಗೋದಾಮು ಏಕಿಲ್ಲ ಎಂದು ಕೇಳತೊಡಗಿದ. ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಷೇಧಿಸಿ 2024ರ ಮೇ ತಿಂಗಳಲ್ಲಿ ತೆರವುಗೊಳಿಸಿತಲ್ಲ, ಅದರಿಂದ ಯಾರಿಗೆ ಲಾಭ, ಯಾರಿಗೆ ಪೆಟ್ಟು ಎಂದು ನಿಮ್ಮ ಮಕ್ಕಳಿಂದ ಚರ್ಚೆ ಮಾಡಿಸಿ. ತೂಕಡಿಕೆ ತಾನಾಗಿ ಹೋಗುತ್ತದೆ.

ಬನಹಟ್ಟಿಯಿಂದ, ಹಳೆಯ ವಿದ್ಯಾರ್ಥಿನಿ: ನಮ್ಮದು ಮಗ್ಗದ ಮನೆ. ಅವ್ವ 12,000 ರೂಪಾಯಿ ಸಾಲ ಪಡೆದಿದ್ದಳು. ವರ್ಷಕ್ಕೆ ಶೇ 12 ಬಡ್ಡಿ, ಹನ್ನೆರಡು ತಿಂಗಳು ತಲಾ 1,120 ರೂಪಾಯಿ ಕಂತು. ಕಡಿಮೆ ಬಡ್ಡಿ ಎಂದೇ ನಾವೆಲ್ಲ ನಂಬಿದ್ದೆವು. ಪದವಿಯ ಎರಡನೇ ವರ್ಷದಲ್ಲಿ ನಮ್ಮ ಅರ್ಥಶಾಸ್ತ್ರದ ಮೇಡಂ ಬಡ್ಡಿ ಲೆಕ್ಕ ಕಲಿಸಿದ ಮೇಲೆ ನಾನೇ ಕುಳಿತು ಲೆಕ್ಕ ಹಾಕಿದೆ. ಅಸಲು ತಿಂಗಳು ತಿಂಗಳೂ ಕರಗುತ್ತಿತ್ತು, ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 12,000ಕ್ಕೆ ಬೀಳುತ್ತಿತ್ತು. ನಿಜವಾದ ದರ ಶೇ 21 ದಾಟುತ್ತಿತ್ತು! ಈಗ ನಮ್ಮ ಓಣಿಯ ಹೆಂಗಸರು ಸಾಲಕ್ಕೆ ಸಹಿ ಹಾಕುವ ಮೊದಲು ಕಾಗದ ಹಿಡಿದು ನಮ್ಮ ಕಟ್ಟೆಗೆ ಬರುತ್ತಾರೆ. ಆ ಹುಡುಗನಿಗೆ ಇದನ್ನು ಹೇಳಿ ಮೇಡಂ.

ಬೆಳಗಾವಿಯಿಂದ, ಎಂ.ಎ. ಮುಗಿಸಿದವನು: ನೌಕರಿಯ ಮಾತನ್ನು ಮುಚ್ಚಿಡಬೇಡಿ. ಬರೀ ಬಿ.ಎ. ಪದವಿಯಿಂದ ಕೆಲಸ ಸಿಗುವುದು ಕಷ್ಟ. ಸಂಖ್ಯಾಶಾಸ್ತ್ರವನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವುದನ್ನೂ ಜೊತೆಗೆ ಕಲಿಯಲು ಈಗಲೇ ಹೇಳಿ. ನಾನು ಕನ್ನಡ ಮಾಧ್ಯಮದಲ್ಲಿ ಓದಿ ಎಂ.ಎ.ಗೆ ಹೋದಾಗ 'ಸೀಮಾಂತ ತುಷ್ಟಿಗುಣ' (ಒಂದು ವಸ್ತುವನ್ನು ಇನ್ನೊಂದಿಷ್ಟು ಬಳಸಿದಾಗ ಸಿಗುವ ಹೆಚ್ಚುವರಿ ತೃಪ್ತಿ) ಚೆನ್ನಾಗಿ ಗೊತ್ತಿತ್ತು, ಅದನ್ನೇ ಇಂಗ್ಲಿಷಿನಲ್ಲಿ 'ಮಾರ್ಜಿನಲ್ ಯುಟಿಲಿಟಿ' ಎಂದರೆ ಕಣ್ಣು ಕಣ್ಣು ಬಿಟ್ಟೆ. ಆರು ತಿಂಗಳು ಅದರಲ್ಲೇ ಹೋಯಿತು. ಮೊದಲ ದಿನದಿಂದಲೇ ಪ್ರತಿ ಪಾರಿಭಾಷಿಕ ಪದವನ್ನೂ ಎರಡೂ ಭಾಷೆಗಳಲ್ಲಿ ಬರೆಸಿ.